ನಡೆದು ಹೋಗುವಷ್ಟು ದೂರ: ಕನ್ನಡದ ಹೋಟೆಲು, ಕನ್ನಡದ ಬಾರು

ಹೊಸ ಬಡಾವಣೆಗೆ ಮನೆ ಬದಲಿಸಿದವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು: ಇಲ್ಲಿ ಹತ್ತಿರದಲ್ಲಿ ಹೋಟೆಲು ಯಾವುದಿದೆ? ಹಿಂದೆ ಈ ಪ್ರಶ್ನೆಯನ್ನು ಮನೆ ಮಾಲೀಕರಿಗೋ, ಬೀದಿ ಕೊನೆಯ ಬೀಡಾ ಅಂಗಡಿಯವನಿಗೋ ಕೇಳುತ್ತಿದ್ದರು. ಈಗ ಫೋನಿಗೆ ಕೇಳುತ್ತಾರೆ. ಬೀಡಾ ಅಂಗಡಿಯವನು ಉತ್ತರ ಕೊಡುವ ಮೊದಲು ಕೇಳಿದವರನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡುತ್ತಿದ್ದ. ವೆಜ್ಜಾ, ನಾನ್‌ವೆಜ್ಜಾ, ಒಬ್ಬರೇ ಇದ್ದೀರಾ, ಸಂಸಾರ ಇದೆಯಾ ಎಂದು ಕೇಳದೆಯೇ ಲೆಕ್ಕ ಹಾಕಿ, ಆಮೇಲೆ ಕೈ ತೋರಿಸುತ್ತಿದ್ದ. ಫೋನು ಹಾಗೆ ನೋಡುವುದಿಲ್ಲ. ಇನ್ನೂರು ಮೀಟರ್, ಮೂರು ನಿಮಿಷ, ನಾಲ್ಕೂವರೆ ನಕ್ಷತ್ರ ಎಂದು ಎಲ್ಲರಿಗೂ ಒಂದೇ ಉತ್ತರ ಕೊಡುತ್ತದೆ.

ಈ ಸಮಾನತೆ ಮೇಲುನೋಟಕ್ಕೆ ಚೆಂದ. ಆದರೆ ಕನ್ನಡ ಸಾಹಿತ್ಯವನ್ನು ಓದಿಕೊಂಡವರಿಗೆ ಅದರ ಮೇಲೆ ಅಷ್ಟು ಸುಲಭವಾಗಿ ನಂಬಿಕೆ ಬರುವುದಿಲ್ಲ. ಹೋಟೆಲಿಗೂ ಮನೆಗೂ ನಡುವಿನ ದೂರ ಮೀಟರಿನಲ್ಲಿ ಅಳೆಯುವಂಥದ್ದು ಮಾತ್ರ ಅಲ್ಲ ಎಂಬುದನ್ನು ನಮ್ಮ ಬರಹಗಳು ನೂರು ಬಗೆಯಲ್ಲಿ ಹೇಳಿವೆ. ಎದುರಿಗೇ ಇದ್ದ ಹೋಟೆಲಿಗೆ ಒಬ್ಬ ಮನುಷ್ಯ ಬದುಕಿಡೀ ಕಾಲಿಡದೆ ಇದ್ದಿರಬಹುದು. ಇನ್ನೊಬ್ಬ ನೂರಾರು ಮೈಲಿ ದೂರದ ಕಡಲತೀರದಿಂದ ಬಂದು ಅದೇ ಹೋಟೆಲಿನ ಗಲ್ಲದ ಮೇಲೆ ಕೂತಿರಬಹುದು. ನಮ್ಮ ವಿಮರ್ಶೆ ಅಗ್ರಹಾರ, ಕೇರಿ, ಹೊಲ, ಮಠ, ನಡುಮನೆ ಇವುಗಳನ್ನೆಲ್ಲ ಅರ್ಥದ ನೆಲೆಗಳೆಂದು ಓದಿದೆ. ಹೋಟೆಲನ್ನೂ ಬಾರನ್ನೂ ಮಾತ್ರ ಪಾತ್ರಗಳು ಬಂದುಹೋಗುವ ಹಿನ್ನೆಲೆಯೆಂದು ಬಿಟ್ಟುಬಿಟ್ಟಿದೆ. ಈ ಬರಹ ಆ ಎರಡು ಜಾಗಗಳನ್ನು ‘ನಡೆದು ಹೋಗುವಷ್ಟು ದೂರ’ ಎಂಬ ಒಂದೇ ಅಳತೆಯಿಂದ ಓದಲು ಯತ್ನಿಸುತ್ತದೆ. ಯಾರ ಕಾಲಿಗೆ ಯಾವುದು ಹತ್ತಿರ ಎಂಬುದೇ ಇಲ್ಲಿನ ಪ್ರಶ್ನೆ.

ಕಾನೂನಿನ ಅಳತೆಪಟ್ಟಿ

ಸಾಹಿತ್ಯಕ್ಕೆ ಹೋಗುವ ಮುನ್ನ ಕಾನೂನನ್ನು ನೋಡೋಣ. ಏಕೆಂದರೆ ಈ ದೂರದ ಬಗ್ಗೆ ನಮ್ಮ ದೇಶದಲ್ಲಿ ತುಂಬ ಗಂಭೀರವಾಗಿ ಯೋಚಿಸಿದ ಪಠ್ಯ ಸಂವಿಧಾನ. ಅದರ 15ನೇ ವಿಧಿಯ ಎರಡನೇ ಉಪವಿಧಿ, ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕಾಗಿಯೇ ಯಾವ ಪ್ರಜೆಗೂ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲು, ಮನರಂಜನೆಯ ಸ್ಥಳಗಳಿಗೆ ಪ್ರವೇಶ ತಪ್ಪಿಸಕೂಡದು ಎನ್ನುತ್ತದೆ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳು ಪಟ್ಟಿಯಲ್ಲಿ ಬರುವುದು ಅದಾದ ಮೇಲೆ. ಸಂವಿಧಾನ ಬರೆದವರು ಹೋಟೆಲನ್ನು ಹೆಸರಿಟ್ಟು ಕರೆದರು ಎಂಬುದು ಸಣ್ಣ ಮಾತಲ್ಲ. ಹೋಟೆಲಿನ ಬಾಗಿಲು ತೆರೆದಿದ್ದರೂ ತೆರೆದಿಲ್ಲ ಎಂಬ ಅನುಭವ ಈ ದೇಶದಲ್ಲಿ ಅಷ್ಟು ಸಾಮಾನ್ಯವಾಗಿತ್ತು. ಹೊರಗಡೆ ಬೇರೆ ಲೋಟ, ಬೇರೆ ಬೆಂಚು ಇಟ್ಟು ಒಂದೇ ಒಲೆಯ ಚಹಾವನ್ನು ಎರಡು ಚಹಾ ಮಾಡುವ ವಿದ್ಯೆಯನ್ನು ದಲಿತ ಚಳವಳಿ ಮತ್ತೆ ಮತ್ತೆ ಎದುರಿಸಬೇಕಾಯಿತು. ಹತ್ತು ಹೆಜ್ಜೆ ದೂರದ ಹೋಟೆಲು ಸಂವಿಧಾನದಷ್ಟು ದೂರವಿರಬಲ್ಲದು.

ಬಾರಿನ ವಿಚಾರದಲ್ಲಿ ಕಾನೂನು ನಿಜಕ್ಕೂ ಟೇಪು ಹಿಡಿದು ನಿಲ್ಲುತ್ತದೆ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ಕೂಡದೆಂದು ಆದೇಶಿಸಿತು. ಕುಡಿದು ವಾಹನ ಓಡಿಸುವವರಿಂದಾಗುವ ಸಾವುಗಳನ್ನು ತಡೆಯುವುದು ಅದರ ಉದ್ದೇಶ. ಬೆಂಗಳೂರಿನಲ್ಲಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯ ಸುತ್ತಲಿನ ಹಲವು ಬಾರುಗಳು 2017ರ ಜುಲೈನಲ್ಲಿ ಬಾಗಿಲು ಹಾಕಬೇಕಾಯಿತು. ನಗರದೊಳಗಿನ ರಸ್ತೆಗಳ ಮಾತು ಬೇರೆ ಎಂಬ ಸ್ಪಷ್ಟನೆ ಅದೇ ವರ್ಷ ಬಂತು. ಕೇರಳದ ಉತ್ತರ ಪರವೂರಿನಲ್ಲಿ ಒಂದು ಬಾರಿನವರು ಮಾಡಿದ ಉಪಾಯ ಆಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಹೆದ್ದಾರಿಯಿಂದ ತಮ್ಮ ಬಾಗಿಲಿಗೆ ಇದ್ದ ಹತ್ತಿರದ ದಾರಿಯನ್ನು ಮುಚ್ಚಿ, ಅಂಗಳದಲ್ಲಿ ಸುತ್ತುಬಳಸಿನ ಗೋಡೆಗಳ ಚಕ್ರವ್ಯೂಹ ಕಟ್ಟಿ, ಗಿರಾಕಿ ನಡೆಯಬೇಕಾದ ದೂರವನ್ನು ಉದ್ದ ಮಾಡಿಬಿಟ್ಟರು. ಬಾರು ಇದ್ದಲ್ಲೇ ಇತ್ತು, ದೂರ ಮಾತ್ರ ಬೆಳೆಯಿತು.

ನಗು ತರಿಸುವ ಈ ಪ್ರಸಂಗದೊಳಗೆ ಒಂದು ಸತ್ಯವಿದೆ. ದೂರ ಎನ್ನುವುದು ಇರುವುದಲ್ಲ, ಕಟ್ಟುವುದು. ಬಾರಿನವರು ಇಟ್ಟಿಗೆ ಗೋಡೆ ಕಟ್ಟಿದರು. ನಮ್ಮ ಊರುಗಳ ಹೋಟೆಲುಗಳ ಮುಂದೆ ಜಾತಿ, ವರ್ಗ, ಲಿಂಗ, ಮಡಿ, ಮರ್ಯಾದೆ ಇವೆಲ್ಲ ಇಟ್ಟಿಗೆಯಿಲ್ಲದೆಯೇ ಅಂಥ ವ್ಯೂಹ ಕಟ್ಟಿವೆ. ಒಳ್ಳೆಯ ಸಾಹಿತ್ಯ ಆ ಗೋಡೆಗಳನ್ನು ಕಾಣಿಸುತ್ತದೆ. ಹಳಹಳಿಕೆಯ ಬರಹ ಅವುಗಳ ಮೇಲೆ ಬಣ್ಣ ಬಳಿಯುತ್ತದೆ.

ಬಸವನಗುಡಿಯ ನಕ್ಷೆ

ಹಳಹಳಿಕೆಯ ಬರಹಕ್ಕೆ ಬಸವನಗುಡಿಗಿಂತ ಒಳ್ಳೆಯ ನೆಲ ಬೆಂಗಳೂರಿನಲ್ಲಿ ಇಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಶುರುವಾದದ್ದು, ಸುತ್ತಮುತ್ತಲಿನ ಶಾಲಾಮಕ್ಕಳನ್ನು ನೆಚ್ಚಿಕೊಂಡು. ಅಲ್ಲಿಂದ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ನಡೆದರೆ ಶಂಕರಪುರದಲ್ಲಿ 1965ರ ಬ್ರಾಹ್ಮಿನ್ಸ್ ಕಾಫಿ ಬಾರ್. ಇನ್ನೊಂದು ದಿಕ್ಕಿಗೆ ಲಾಲ್‌ಬಾಗ್ ಕಡೆ ಸಾಗಿದರೆ ಎಂ.ಟಿ.ಆರ್. ಕನ್ನಡ ಸಾಹಿತ್ಯ ಪರಿಷತ್ತೂ ಇಲ್ಲಿಂದ ನಡೆದೇ ತಲುಪುವಷ್ಟು ದೂರ. ಹೀಗಾಗಿ ಕನ್ನಡದ ಸಾಹಿತ್ಯ ಚರಿತ್ರೆಯ ದೊಡ್ಡ ಭಾಗವೊಂದು ಇಲ್ಲಿನ ದೋಸೆ, ಇಡ್ಲಿ, ಕಾಫಿಗಳ ನಡುವೆ ನಡೆಯಿತೆಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಅದು ಸುಳ್ಳಲ್ಲ. ವಿದ್ಯಾರ್ಥಿ ಭವನದ ಗೋಡೆಯ ಮೇಲಿನ ಚಿತ್ರಗಳಲ್ಲಿ ನಮ್ಮ ಸಾಹಿತಿಗಳ ಮುಖಗಳೇ ಕಾಣುತ್ತವೆ. ಮಸಾಲೆ ದೋಸೆ ಮುರಿಯುತ್ತ ತಲೆಯೆತ್ತಿದರೆ ಕನ್ನಡ ಎಂ.ಎ. ಪಠ್ಯಕ್ರಮ.

ಆದರೆ ಈ ನಕ್ಷೆಯ ಹೆಸರುಗಳನ್ನೇ ಒಂದು ಪಠ್ಯದಂತೆ ಓದಿ. ಎಂ.ಟಿ.ಆರ್. 1924ರಲ್ಲಿ ಆರಂಭವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಲಾಲ್‌ಬಾಗ್ ರಸ್ತೆಗೆ ಬಂದು 1960ರಲ್ಲಿ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಜಾತಿಯ ಹೆಸರು ಹೋಗಿ ಬಡಾವಣೆಯ ಹೆಸರು ಬಂದದ್ದು ಸಂವಿಧಾನ ಜಾರಿಗೆ ಬಂದ ಹತ್ತು ವರ್ಷದ ನಂತರ. ಇದು ಕೇವಲ ಕಾಕತಾಳೀಯವಿರಬಹುದು. ಹಾಗೆಂದುಕೊಂಡರೂ, ಐದೇ ವರ್ಷದಲ್ಲಿ ಶಂಕರಪುರದಲ್ಲಿ ಅದೇ ಜಾತಿಯ ಹೆಸರು ಮತ್ತೆ ಬೋರ್ಡಿನ ಮೇಲೆ ಬಂತು ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ‘ಕ್ಲಬ್’, ‘ಬಾರ್’ ಎಂಬ ಇಂಗ್ಲಿಷ್ ಪದಗಳು ದಂಡಿನ ಪ್ರದೇಶದ ಮದ್ಯದ ಲೋಕದಿಂದ ಪೇಟೆಯ ಕಡೆ ಬಂದವು, ಬಂದ ಮೇಲೆ ಕಾಫಿಯಲ್ಲಿ ಮಿಂದು ಮಡಿಯಾದವು. ಕಾಫಿ ಬಾರಿಗೆ ಹೋಗಿಬಂದೆ ಎನ್ನಲು ಯಾರೂ ದನಿ ತಗ್ಗಿಸಬೇಕಿಲ್ಲ. ಬರೀ ಬಾರಿಗೆ ಹೋಗಿಬಂದೆ ಎನ್ನಲು ಈಗಲೂ ಅತ್ತಿತ್ತ ನೋಡಬೇಕು. ಒಂದೇ ಪದ, ನಡುವಿನ ದೂರ ಎಷ್ಟು!

ಈ ಹೋಟೆಲುಗಳು ಎಲ್ಲಿಂದ ಬಂದವೆಂಬುದನ್ನು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಬಲ್ಲದು. ಕೋಡಿಯ ಐತಾಳರ ಮನೆ ಮಗನ ಓದಿನ ದಾರಿ ಹಿಡಿದರೆ, ಮಯ್ಯರ ಮನೆಯವರು ಬೆಂಗಳೂರಿನ ಹೋಟೆಲಿನ ದಾರಿ ಹಿಡಿಯುತ್ತಾರೆ. ಇಂಗ್ಲಿಷ್ ಓದು ಹಾಗೂ ಹೋಟೆಲು, ಕರಾವಳಿಯ ಬಡ ಬ್ರಾಹ್ಮಣ ಕುಟುಂಬಗಳ ಮುಂದೆ ಇಪ್ಪತ್ತನೇ ಶತಮಾನ ಇಟ್ಟ ಎರಡು ಬಾಗಿಲುಗಳು. ಕಾರಂತರು ಎರಡನ್ನೂ ಮಣ್ಣಿನ ಎದುರು ತೂಗುತ್ತಾರೆ. ಹೋಟೆಲಿನ ದುಡ್ಡು ಊರಿನ ಮನೆಗಳ ಅಂತಸ್ತನ್ನೇ ಅದಲುಬದಲು ಮಾಡುವ ಬಗೆ ಆ ಕಾದಂಬರಿಯಲ್ಲಿದೆ. ಬಸವನಗುಡಿಯಲ್ಲಿ ಕೂತು ದೋಸೆ ತಿಂದವರ ನೆನಪುಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಆ ದೋಸೆಯ ಹಿಂದಿನ ಕೋಡಿಯನ್ನು, ಬಿಟ್ಟುಬಂದ ಗದ್ದೆಯನ್ನು, ಅಡುಗೆಮನೆಯ ಹೊಗೆಯನ್ನು ನೆನೆದವರು ಕಡಿಮೆ. ‘ಮಾಣಿ’ ಎಂಬ ಪದವನ್ನೇ ನೋಡಿ. ಕರಾವಳಿಯ ಬ್ರಾಹ್ಮಣರ ಮನೆಮಾತಿನಲ್ಲಿ ಅದು ಹುಡುಗ ಎಂದು ಅಕ್ಕರೆಯಿಂದ ಕರೆಯುವ ಪದ. ಘಟ್ಟ ಹತ್ತಿ ಬೆಂಗಳೂರಿಗೆ ಬಂದದ್ದೇ ತಟ್ಟೆ ಲೋಟ ತಂದಿಡುವವನ ಹೆಸರಾಯಿತು. ಒಂದು ಮನೆಯ ಮಗನನ್ನು ಊರಿನ ಆಳಾಗಿಸುವಷ್ಟು ದೂರ ಆ ಪದ ನಡೆದಿದೆ.

ಕೆ.ಎಸ್. ನಿಸಾರ್ ಅಹಮದರ ಮೊದಲ ಕವನ ಸಂಕಲನ ‘ಮನಸು ಗಾಂಧಿ ಬಜಾರು’ ಬಂದದ್ದು 1960ರಲ್ಲಿ. ನವೋದಯದ ಕವಿ ಮನಸ್ಸಿಗೆ ಹೋಲಿಕೆ ಹುಡುಕಿ ಬೆಟ್ಟ, ಹೊಳೆ, ಹಕ್ಕಿಗಳ ಕಡೆ ಹೋಗುತ್ತಿದ್ದ. ನಿಸಾರರು ಹೂವು, ತರಕಾರಿ, ಗಿಜಿಬಿಜಿ, ಚೌಕಾಸಿಗಳ ಬೀದಿಗೆ ಹೋದರು. ಈ ಶೀರ್ಷಿಕೆಯನ್ನು ನಾವು ಬಸವನಗುಡಿಯ ಹೊಗಳಿಕೆಯೆಂದು ಓದಿ ಸುಮ್ಮನಾಗಿದ್ದೇವೆ. ನನಗೆ ಅದರಲ್ಲಿ ಬೇರೊಂದು ಧೈರ್ಯ ಕಾಣುತ್ತದೆ. ಹೋಟೆಲುಗಳ ಬೋರ್ಡಿನಲ್ಲಿ ಜಾತಿಯ ಹೆಸರು ರಾಜಾರೋಷವಾಗಿ ನಿಲ್ಲುತ್ತಿದ್ದ ಬಡಾವಣೆಯ ಬಜಾರನ್ನು ಮುಸ್ಲಿಂ ಕವಿಯೊಬ್ಬ ತನ್ನ ಮನಸ್ಸು ಎಂದು ಕರೆದುಕೊಂಡ. ಬಜಾರು ಹಾಗೆ ಕರೆಯಲು ಎಡೆಮಾಡಿಕೊಡುತ್ತದೆ. ಅದು ಬೀದಿ, ಅದಕ್ಕೆ ಹೊಸ್ತಿಲಿಲ್ಲ. ಗಾಂಧಿ ಬಜಾರಿನ ಯಾವುದಾದರೂ ಹೋಟೆಲನ್ನು ಹೀಗೆ ‘ಮನಸು’ ಎಂದು ಕರೆದುಕೊಳ್ಳುವುದು ಆಗ ಅಷ್ಟೇ ಸಲೀಸಾಗಿತ್ತೇ ಎಂಬ ಪ್ರಶ್ನೆಯನ್ನು ಆ ಶೀರ್ಷಿಕೆ ನಮ್ಮೊಳಗೆ ಎಬ್ಬಿಸಬೇಕು.

ಬಸವನಗುಡಿಯ ನೆನಪುಗಳು ಬಿಟ್ಟುಬಿಡುವ ಇನ್ನೊಂದು ಹೆಸರು ಮಿಲ್ಟ್ರಿ ಹೋಟೆಲು. ಬೆಂಗಳೂರಿಗೆ ಅದು ಇಡ್ಲಿ ಕಾಫಿಯಷ್ಟೇ ಸ್ವಂತದ್ದು. ಬೆಳಗ್ಗೆಯೇ ಕಾಲುಸೂಪು, ಮಧ್ಯಾಹ್ನಕ್ಕೆ ಮುದ್ದೆ, ದೊನ್ನೆಯಲ್ಲಿ ಬಿರಿಯಾನಿ. ಅಲ್ಲಿಯೂ ಸಾಹಿತ್ಯದ ಮಾತು ನಡೆದಿರಲಿಕ್ಕೇ ಬೇಕು. ಆದರೆ ‘ಸಾಹಿತಿಗಳ ಹೋಟೆಲು’ ಎಂದು ನಾವು ಬರೆದಾಗೆಲ್ಲ ತಟ್ಟೆಯಲ್ಲಿ ದೋಸೆಯೇ ಇರುತ್ತದೆ. ಮಾಂಸ ಬೇಯುವ ಹೋಟೆಲು ನಮ್ಮ ಸಾಹಿತ್ಯ ಚರಿತ್ರೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಇಲ್ಲ.

ನಿಂತು ತಿನ್ನುವವರ ಕಾಲ

1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕೆಫೆ ದರ್ಶಿನಿ ಬಂದು ಹೋಟೆಲಿನ ವ್ಯಾಕರಣವನ್ನೇ ಬದಲಿಸಿತು. ಟೋಕನ್ ತಗೊಂಡು, ಕೌಂಟರಿನಲ್ಲಿ ಇಸಿದುಕೊಂಡು, ಎದೆಮಟ್ಟದ ಮೇಜಿನ ಸುತ್ತ ನಿಂತು ತಿಂದು ಹೊರಡುವ ಪದ್ಧತಿ. ಅಡುಗೆಮನೆ ಕಣ್ಣೆದುರಿಗೇ. ಮಾಣಿ ಇಲ್ಲ, ಕಾಯುವುದಿಲ್ಲ, ಯಾರ ಪಕ್ಕ ಕೂರುವುದೆಂಬ ಗೊಂದಲವಿಲ್ಲ. ಒಂದೇ ಮೇಜಿಗೆ ಆಟೋ ಚಾಲಕ, ಬ್ಯಾಂಕ್ ಗುಮಾಸ್ತ, ಕಾಲೇಜು ಹುಡುಗಿ ಮೂವರೂ ತಟ್ಟೆ ಇಟ್ಟಿರುತ್ತಾರೆ. 15ನೇ ವಿಧಿಯನ್ನು ಹೋಟೆಲಿನ ವಿನ್ಯಾಸವಾಗಿ ಅನುವಾದಿಸಿದರೆ ದರ್ಶಿನಿಗೆ ತೀರ ಹತ್ತಿರದ್ದು ಬರುತ್ತದೆ.

ಆದರೂ ದರ್ಶಿನಿ ನಮ್ಮ ಕಥೆಗಳಲ್ಲಿ ನೆಲೆಯೂರಲಿಲ್ಲ. ಕಾರಣ ಸ್ಪಷ್ಟ. ಕಥೆಗೆ ಕೂರಬೇಕು. ಬೈಟೂ ಕಾಫಿ ಹೇಳಿ ಎರಡು ಗಂಟೆ ಮೇಜು ಹಿಡಿದು ಕೂರುವ ಪುರಸೊತ್ತು ಹಳೆಯ ಹೋಟೆಲಿನಲ್ಲಿತ್ತು. ಅಲ್ಲಿ ಜಗಳ ಆರಂಭವಾಗಿ ಮುಗಿಯಲು ಸಮಯವಿತ್ತು. ದರ್ಶಿನಿಯಲ್ಲಿ ಸಮಾನತೆ ಇದೆ, ಸಮಯವಿಲ್ಲ. ಎಲ್ಲರೂ ಒಳಗೆ ಬರುತ್ತಾರೆ, ಯಾರೂ ಉಳಿಯುವುದಿಲ್ಲ. ಪಕ್ಕದವರ ಜಾತಿ ಕೇಳುವುದಿಲ್ಲ ನಿಜ, ಹೆಸರೂ ಕೇಳುವುದಿಲ್ಲ. ನಮ್ಮ ನಗರ ಜೀವನದ ಸಮಾನತೆ ಇಷ್ಟೇ ಏನು ಎಂದು ಕೇಳಬೇಕಾದ ಕಥೆಯನ್ನು ಕನ್ನಡದಲ್ಲಿ ಯಾರಾದರೂ ಆ ಎದೆಮಟ್ಟದ ಮೇಜಿನ ಬಳಿ ನಿಂತೇ ಬರೆಯಬೇಕು.

ಹೆಂಡದಂಗಡಿಯ ಕನ್ನಡ

ಬಾರಿನ ಕಡೆ ತಿರುಗೋಣ. ಕನ್ನಡ ಸಾಹಿತ್ಯದಲ್ಲಿ ಅದರ ವಂಶಾವಳಿ ಹೋಟೆಲಿಗಿಂತ ಹಳೆಯದು. ಹನ್ನೆರಡನೇ ಶತಮಾನದ ವಚನಕಾರರಲ್ಲಿ ಹೆಂಡದ ಮಾರಯ್ಯನಿದ್ದಾನೆ. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನ ಬರೆದವನು. ಹೆಂಡ ಮಾರುವ ಕಾಯಕ ಅವನ ಹೆಸರಿಗೆ ಅಂಟಿಕೊಂಡು ಬಂದಿದೆ. ಮಡಕೆ, ಹೆಂಡ, ಅಮಲು ಇವು ಅವನಲ್ಲಿ ಅನುಭಾವದ ಭಾಷೆಯಾಗುತ್ತವೆ. ಹೆಂಡದಂಗಡಿಯವನೇ ಮಾತಾಡಿದ ಆ ಪರಂಪರೆ ಮುಂದೆ ಕಡಿದುಹೋಯಿತು. ನಂತರ ಅಂಗಡಿಯ ಬಗ್ಗೆ ಮಾತಾಡಿದವರು ಹೆಚ್ಚಾಗಿ ಅದರ ಹೊರಗಿದ್ದವರು, ಸುಧಾರಕರು, ನೀತಿ ಹೇಳುವವರು.

ಆ ಮೌನವನ್ನು ಮುರಿದದ್ದು 1930ರ ದಶಕದ ಜಿ.ಪಿ. ರಾಜರತ್ನಂ. ‘ರತ್ನನ ಪದಗಳು’ ಬಗ್ಗೆ ಎಲ್ಲರಿಗೂ ಗೊತ್ತಿರುವ ತಮಾಷೆಯೆಂದರೆ ಬರೆದವರು ಕುಡಿಯುವವರಲ್ಲ. ಪಾಲಿ ಭಾಷೆ, ಬೌದ್ಧ ಸಾಹಿತ್ಯ ಓದಿಕೊಂಡ ಪಂಡಿತರು, ಮಕ್ಕಳಿಗೆ ಪದ್ಯ ಬರೆದವರು, ಹೆಂಡದಂಗಡಿಯ ರತ್ನನ ನಾಲಗೆಯನ್ನು ಎರವಲು ಪಡೆದರು. ಈ ಎರವಲಿನ ಲೆಕ್ಕವನ್ನು ನಾವು ಸರಿಯಾಗಿ ಮಾಡಿಲ್ಲ. ಒಂದು ಕಡೆ ಇದು ಮುಖವಾಡವೇ. ಮೇಲುಜಾತಿಯ ಓದಿದ ಕವಿಗೆ ತನ್ನ ಶಿಷ್ಟ ಕನ್ನಡದಲ್ಲಿ ಆಡಲಾಗದ ಮಾತುಗಳನ್ನು ಆಡಲು ‘ಬಾಯಿ ಸರಿಯಿಲ್ಲದ’ ಕುಡುಕನೊಬ್ಬ ಬೇಕಾದ. ಉಚ್ಚಾರ ಜಾರಿದರೆ ಅದು ಅಮಲಿನದೋ, ವರ್ಗದ್ದೋ ಎಂಬುದನ್ನು ಕವಿತೆ ಬೇಕೆಂದೇ ಬೆರೆಸುತ್ತದೆ. ದುಡಿಯುವ ಜನ ಹೊತ್ತುಹೊತ್ತಿಗೂ ಆಡುವ ಕನ್ನಡ ಇಲ್ಲಿ ಹೆಂಡದ ಪರಿಣಾಮದಂತೆ ಕೇಳಿಸುವ ಅಪಾಯವಿದೆ. ಇನ್ನೊಂದು ಕಡೆ, ಆ ಮುಖವಾಡ ತೊಟ್ಟ ಮೇಲೆ ಕವಿ ಅದನ್ನು ಗೇಲಿಗೆ ಬಳಸಲಿಲ್ಲ. ರತ್ನನಿಗೆ ಪುಟ್ನಂಜಿಯ ಮೇಲಿನ ಪ್ರೀತಿ ಇದೆ, ಸಂಕೋಚವಿದೆ, ಲೋಕದ ಬಗ್ಗೆ ಒಂದು ನಿಲುವಿದೆ. ಹೆಂಡದಂಗಡಿಯನ್ನು ಮನುಷ್ಯರು ಬರುವ ಜಾಗವೆಂದು ಹೊಸಗನ್ನಡ ಮೊದಲು ಒಪ್ಪಿಕೊಂಡದ್ದು ಅಲ್ಲಿ.

ಇದರಲ್ಲಿ ಒಂದು ದೊಡ್ಡ ವಿಪರ್ಯಾಸ ಅಡಗಿದೆ. ನರಕಕ್ಕಿಳಿಸಿ ನಾಲಗೆ ಸೀಳಿದರೂ ಕನ್ನಡ ಬಿಡೆನೆಂಬ ರತ್ನನ ಮಾತು ಇಂದು ನವೆಂಬರ್ ತಿಂಗಳ ಎಲ್ಲ ವೇದಿಕೆಗಳಲ್ಲಿ ಕೇಳಿಬರುತ್ತದೆ. ಭುವನೇಶ್ವರಿಯ ಚಿತ್ರದ ಮುಂದೆ ಶಾಲೆಯ ಮಕ್ಕಳೂ ಅದನ್ನು ಹಾಡುತ್ತಾರೆ. ಕನ್ನಡಾಭಿಮಾನದ ಇಷ್ಟು ಜನಪ್ರಿಯ ಘೋಷಣೆ ಹುಟ್ಟಿದ್ದು ಹೆಂಡದಂಗಡಿಯಲ್ಲಿ. ಹಾಡನ್ನು ವೇದಿಕೆಗೆ ಕರೆದುಕೊಂಡೆವು, ಹಾಡಿದವನನ್ನು ಬಾಗಿಲಲ್ಲೇ ನಿಲ್ಲಿಸಿದೆವು. ರತ್ನ ಈಗ ಬಂದು ಸಾಹಿತ್ಯ ಸಮ್ಮೇಳನದ ಊಟದ ಸಾಲಿನಲ್ಲಿ ನಿಂತರೆ ಸ್ವಯಂಸೇವಕರು ಏನು ಮಾಡುತ್ತಾರೆಂದು ಊಹಿಸುವುದು ಕಷ್ಟವಲ್ಲ.

1974ರ ಹೊತ್ತಿಗೆ ಪಿ. ಲಂಕೇಶರು ಬೋದಿಲೇರನ ಕವಿತೆಗಳನ್ನು ‘ಪಾಪದ ಹೂಗಳು’ ಎಂದು ಕನ್ನಡಕ್ಕೆ ತಂದರು. ಆ ಮೂಲಕ ಪ್ಯಾರಿಸ್ಸಿನ ಬೀದಿ, ವೇಶ್ಯೆ, ಅಮಲು, ನಗರದ ಬೇಸರ ನಮ್ಮ ಕಾವ್ಯದೊಳಗೆ ನೇರವಾಗಿ ಬಂದವು. ಬೋದಿಲೇರನ ನಗರದಲ್ಲಿ ಗುರಿಯಿಲ್ಲದೆ ಅಲೆಯುವ ಮನುಷ್ಯನ ಕುರಿತು ವಾಲ್ಟರ್ ಬೆಂಜಮಿನ್ ಬರೆದದ್ದನ್ನು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಉತ್ಸಾಹದಿಂದ ಓದಿಸುತ್ತಾರೆ. ಆದರೆ ಆ ಅಲೆಮಾರಿಯನ್ನು ಹಾಗೆಯೇ ಎತ್ತಿ ಬೆಂಗಳೂರಿನ ಫುಟ್‌ಪಾತಿನ ಮೇಲೆ ಇಡಲು ಬರುವುದಿಲ್ಲ. ಫುಟ್‌ಪಾತೇ ಇಲ್ಲ ಎಂಬುದು ಮೊದಲ ಕಾರಣ. ಎರಡನೆಯದು, ಯಾವ ಬಾಗಿಲಿಗಾದರೂ ಹೊಕ್ಕು ಹೊರಬರುವ ಸ್ವಾತಂತ್ರ್ಯ ಅವನಿಗಿದ್ದಂತೆ ಇಲ್ಲಿ ಎಲ್ಲರಿಗೂ ಇರಲಿಲ್ಲ. ನಮ್ಮ ನಗರದ ಕಾವ್ಯ ಓದಲು ಅಲೆದವನ ಹೆಜ್ಜೆಯಷ್ಟೇ ಬಾಗಿಲಲ್ಲಿ ತಡೆದು ನಿಂತವನ ಹೆಜ್ಜೆಯೂ ಬೇಕು.

ವಿನ್ಸೆಂಟನ ಮೇಜು

ಹೋಟೆಲು, ಬಾರು ಎರಡನ್ನೂ ಒಂದೇ ಸೂರಿನಡಿ ತಂದು, ನಡುವಿನ ನೈತಿಕ ದೂರವನ್ನೇ ಕಥೆಯಾಗಿಸಿದ ಕೃತಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಬಂದ ಈ ಕಿರುಕಾದಂಬರಿ ಶ್ರೀನಾಥ್ ಪೆರೂರರ ಇಂಗ್ಲಿಷ್ ಅನುವಾದದಿಂದ ಜಗತ್ತಿಗೆ ಪರಿಚಯವಾಯಿತು. ಕುಟುಂಬ, ಹಣ, ಹಿಂಸೆಗಳ ಕಥೆಯೆಂದು ಅದನ್ನು ಬಹಳಷ್ಟು ಚರ್ಚಿಸಿದ್ದಾರೆ. ಅದು ಶುರುವಾಗುವುದು ಮನೆಯಲ್ಲಲ್ಲ, ಕಾಫಿ ಹೌಸಿನಲ್ಲಿ, ವಿನ್ಸೆಂಟ್ ಎಂಬ ಮಾಣಿಯ ಹೆಸರಿನೊಂದಿಗೆ ಎಂಬುದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಆ ಕಾಫಿ ಹೌಸಿನ ವರ್ಣನೆಯನ್ನು ನಿಧಾನವಾಗಿ ಓದಬೇಕು. ಹೆಸರು ನೂರು ವರ್ಷದಿಂದ ಬದಲಾಗಿಲ್ಲ, ವ್ಯಾಪಾರ ಬದಲಾಗಿದೆ. ಒಳ್ಳೆಯ ಕಾಫಿ ಈಗಲೂ ಸಿಗುತ್ತದೆ, ಆದರೆ ಅದು ಈಗ ಬಾರ್ ಅಂಡ್ ರೆಸ್ಟೋರೆಂಟ್. ಕೂಡಲೇ ನಿರೂಪಕ ಒಂದು ಅಂತರ ಕಾಯ್ದುಕೊಳ್ಳುತ್ತಾನೆ. ಇದು ಮಂದ ಬೆಳಕಿನ, ಜನ ಒತ್ತಿಕೊಂಡು ಕೂತ ಬಾರಲ್ಲ. ವಿಶಾಲವಾದ, ಎತ್ತರದ ಸೂರಿನ, ಗಾಳಿಯಾಡುವ ಜಾಗ. ಕುಡಿದರೂ ಕುಡಿದಂತೆ ಅನ್ನಿಸದ ಜಾಗ ಎನ್ನೋಣ. ಇಲ್ಲಿಯೇ ಇಡೀ ಕಾದಂಬರಿಯ ಬೀಜವಿದೆ. ಹೆಸರು ಹಳೆಯದು, ಒಳಗಿನ ವ್ಯವಹಾರ ಹೊಸದು. ಆ ಮನೆಯೂ ಹಾಗೆಯೇ. ಕಷ್ಟಕಾಲದಲ್ಲಿ ಒಟ್ಟಿಗಿದ್ದ ‘ಕುಟುಂಬ’ ಎಂಬ ಹಳೆಯ ಬೋರ್ಡು ಹಾಗೇ ಇದೆ, ಅದರ ಕೆಳಗೆ ಚಿಕ್ಕಪ್ಪನ ಮಸಾಲೆ ಕಂಪನಿಯ ಹಣ ಬೇರೆಯೇ ವ್ಯಾಪಾರ ನಡೆಸುತ್ತಿದೆ. ಹೊಸ ವ್ಯಾಪಾರವನ್ನು ಹಳೆಯ ಬೋರ್ಡು ಸಹ್ಯವಾಗಿಸುತ್ತದೆ. ಕಾಫಿ ಹೌಸೆಂಬ ಹೆಸರಿನಡಿ ಬಾರು ಹೇಗೋ, ಮನೆಯೆಂಬ ಹೆಸರಿನಡಿ ಕ್ರೌರ್ಯ ಹಾಗೆ.

ಅದೇ ಕಾದಂಬರಿಯಲ್ಲಿ ಒಬ್ಬ ಹೆಂಗಸು ಡಬ್ಬಿಯಲ್ಲಿ ಮಸೂರ ಬೇಳೆಯ ಸಾರು ಹಿಡಿದು ಚಿಕ್ಕಪ್ಪನನ್ನು ಹುಡುಕಿ ಮನೆಯ ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರು ಅವಳನ್ನು ಹಳಿದು ಓಡಿಸುತ್ತಾರೆ, ತಂದ ಸಾರು ನೆಲದ ಪಾಲಾಗುತ್ತದೆ. ಕಾಫಿ ಹೌಸಿನ ತೆರೆದ ಸಭಾಂಗಣ, ಮನೆಯ ಮುಚ್ಚಿದ ಬಾಗಿಲು ಇವೆರಡನ್ನೂ ಎದುರುಬದುರು ಇಟ್ಟರೆ ಕಾದಂಬರಿಯ ನಿಜವಾದ ನಕ್ಷೆ ಸಿಗುತ್ತದೆ. ದುಡ್ಡು ಕೊಟ್ಟವರಿಗೆಲ್ಲ ಹೋಟೆಲು ತಿನ್ನಿಸುತ್ತದೆ. ಪ್ರೀತಿಯಿಂದ ತಂದದ್ದನ್ನೂ ಮನೆ ಚೆಲ್ಲಬಲ್ಲದು. ಅತಿಥಿ ಸತ್ಕಾರ ಮನೆಯ ಗುಣ, ವ್ಯಾಪಾರ ಹೋಟೆಲಿನ ಗುಣ ಎಂಬ ನಮ್ಮ ರೂಢಿಯ ನಂಬಿಕೆಯನ್ನು ಶಾನಭಾಗರು ತಲೆಕೆಳಗು ಮಾಡುತ್ತಾರೆ.

ಕಾಫಿ ಹೌಸ್ ಎಂದಾಗ ಬೆಂಗಳೂರಿನ ಓದುಗರಿಗೆ ಇಂಡಿಯನ್ ಕಾಫಿ ಹೌಸು ನೆನಪಾಗದೆ ಇರದು. ಎಂ.ಜಿ. ರಸ್ತೆಯಲ್ಲಿದ್ದ ಅದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂತು. ಕಾದಂಬರಿಯದ್ದು ಇದೇ ಎನ್ನಬೇಕಿಲ್ಲ, ಇದರಲ್ಲಿ ಬಾರೂ ಇಲ್ಲ. ಆದರೆ ಇದರ ಚರಿತ್ರೆ ವಿನ್ಸೆಂಟನನ್ನು ಓದಲು ನೆರವಾಗುತ್ತದೆ. 1957ರಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡವರು ಎ.ಕೆ. ಗೋಪಾಲನ್ ಅವರ ಮುಂದಾಳ್ತನದಲ್ಲಿ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಮೊದಲನೆಯ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲೇ. ಲೋಟ ತಂದಿಡುವವರೇ ಹೋಟೆಲಿನ ಒಡೆಯರಾದ ಚರಿತ್ರೆ ಅದು. ಕಾದಂಬರಿಯ ನಿರೂಪಕನಾದರೋ ದುಡಿಯದೆ ಸಂಬಳ ಪಡೆಯುವವನು, ಹೆಸರಿಗೆ ಕಂಪನಿಯ ಡೈರೆಕ್ಟರು. ಅವನಿಗೆ ವಿನ್ಸೆಂಟ್ ಜ್ಞಾನಿಯಂತೆ, ದೇವರ ಅವತಾರದಂತೆ ಕಾಣುತ್ತಾನೆ. ಬೇರೆಯವರ ದುಡಿಮೆಯಲ್ಲಿ ಬದುಕುವವನು ದುಡಿಯುವವನ ಬಾಯಿಂದ ಬಂದ ಸಾಧಾರಣ ಮಾತನ್ನೂ ಗೂಢವಾಣಿಯಾಗಿಸಿಕೊಂಡು ತನ್ನ ತಪ್ಪಿತಸ್ಥ ಭಾವವನ್ನು ಹಗುರ ಮಾಡಿಕೊಳ್ಳುತ್ತಾನೆ. ವಿನ್ಸೆಂಟನ ಮನೆ ಎಲ್ಲಿ, ಸಂಬಳ ಎಷ್ಟು ಎಂದು ಅವನು ಒಮ್ಮೆಯೂ ಕೇಳುವುದಿಲ್ಲ.

ಕೊನೆಗೆ ಗಾಜು ಒಡೆದು ಕೈ ಕೊಯ್ದುಕೊಂಡ ನಿರೂಪಕನಿಗೆ ವಿನ್ಸೆಂಟ್ ಕೈ ತೊಳೆದುಕೊಳ್ಳಲು ಹೇಳುತ್ತಾನೆ, ರಕ್ತವಾಗಿದೆಯೆಂದು. ಹೋಟೆಲಿನಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು ‘ಕೈ ತೊಳ್ಕೊಳ್ಳಿ’ ಎಂಬುದು. ಆ ಒಂದು ಮಾತಿನಿಂದ ಇಡೀ ಮನೆತನದ ಅಪರಾಧ ಮೇಜಿನ ಮೇಲೆ ಬಂದು ಬೀಳುತ್ತದೆ. ಕೈಗೆ ಅಂಟಿದ್ದು ಸಾಂಬಾರಲ್ಲ ಎಂಬುದು ಇಬ್ಬರಿಗೂ, ಓದುಗರಿಗೂ ಗೊತ್ತು.

ಫ್ಯಾಮಿಲಿ ರೂಮು

ಇಷ್ಟು ಬರೆಯುವಾಗ ನನ್ನನ್ನು ಕಾಡಿದ ಕೊರತೆಯೊಂದಿದೆ. ಮೇಲಿನ ಹೋಟೆಲು ಬಾರುಗಳಲ್ಲಿ ಮೇಜಿನ ಮುಂದೆ ಕೂತು ಕಥೆ ಹೇಳುವವರೆಲ್ಲ ಗಂಡಸರು. ಹೆಣ್ಣಿಗೆ ನಮ್ಮ ಹೋಟೆಲುಗಳು ಮೀಸಲಿಟ್ಟ ಜಾಗದ ಹೆಸರೇ ‘ಫ್ಯಾಮಿಲಿ ರೂಮು’. ಅಂದರೆ ಅವಳು ಒಬ್ಬಳೇ ಬರುವುದಿಲ್ಲ, ಬಂದರೆ ಸಂಸಾರವಾಗಿ ಬರುತ್ತಾಳೆ ಎಂಬ ನಿರ್ಧಾರ ಬೋರ್ಡಿನಲ್ಲೇ ಆಗಿಹೋಗಿದೆ. ವೈದೇಹಿಯವರ ‘ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು’ ಕಥೆ ಒಂದು ಸಣ್ಣ ಊರಿಗೆ ಟಾಕೀಸು ಬಂದಾಗ ಹೆಂಗಸರ ಬದುಕಿನಲ್ಲಿ ಎದ್ದ ಅಲೆಗಳನ್ನು ದಾಖಲಿಸಿತು. ಮನೆಯಿಂದ ಟಾಕೀಸಿನವರೆಗಿನ ನಡಿಗೆಯೇ ಆ ಹೆಂಗಸರಿಗೆ ಒಂದು ಬಿಡುಗಡೆ. ಹೋಟೆಲಿಗೆ ನಡೆದ ಹೆಂಗಸರ ಅಂಥ ಕಥೆ ಇನ್ನೂ ಬರಬೇಕಿದೆ. ಹೊರಗಿನ ಊಟ ಎಂದರೆ ಅಡುಗೆಮನೆಯಿಂದ ಅರ್ಧ ದಿನದ ರಜೆ ಎಂದು ತಿಳಿದಿರುವವರು ಅದನ್ನು ಬರೆದರೆ ಬಸವನಗುಡಿಯ ನೆನಪುಗಳ ರುಚಿಯೇ ಬದಲಾಗುತ್ತದೆ.

ಸಂಶೋಧನೆಗಾಗಿ ಗ್ರಂಥಾಲಯದಿಂದ ಗ್ರಂಥಾಲಯಕ್ಕೆ ಓಡಾಡುವ ನನ್ನಂಥವರಿಗೆ ಸಂಜೆ ಏಳರ ಮೇಲೆ ಈ ಪ್ರಶ್ನೆ ತೀರ ಪ್ರಾಯೋಗಿಕ. ಫೋನು ತೋರಿಸುವ ಹತ್ತು ಜಾಗಗಳಲ್ಲಿ ದಾರಿದೀಪ ಉರಿಯುವ ಬೀದಿಯಲ್ಲಿರುವುದು ಯಾವುದು, ಒಬ್ಬಳೇ ಕೂತು ಪುಸ್ತಕ ತೆರೆದರೆ ದುರುಗುಟ್ಟದ ಜಾಗ ಯಾವುದು, ಬೀರು ಕೇಳಿದರೆ ಹುಬ್ಬೇರಿಸದ ಸಪ್ಲೈಯರ್ ಎಲ್ಲಿದ್ದಾನೆ ಎಂಬುದನ್ನು ನಕ್ಷೆ ಹೇಳುವುದಿಲ್ಲ. ಅದನ್ನು ಹಾಸ್ಟೆಲಿನ ಅಕ್ಕಂದಿರು ತಂಗಿಯರಿಗೆ ಬಾಯಿಂದ ಬಾಯಿಗೆ ದಾಟಿಸುತ್ತಾರೆ. 2018ರಲ್ಲಿ ಚರ್ಚ್ ಸ್ಟ್ರೀಟಿಗೆ ಕಲ್ಲು ಹಾಸಿ ನಡೆಯುವವರಿಗೆ ಅಗಲವಾದ ದಾರಿ ಮಾಡಿಕೊಟ್ಟ ಮೇಲೆ ಪುಸ್ತಕದಂಗಡಿ, ಕಾಫಿ, ಬಾರು ಮೂರೂ ಒಂದೇ ನಡಿಗೆಯಲ್ಲಿ ಸಿಗುವ, ಹುಡುಗಿಯರು ರಾತ್ರಿಯೂ ಗುಂಪಾಗಿ ನಿಂತು ಹರಟುವ ಬೀದಿಯೊಂದು ನಗರಕ್ಕೆ ಸಿಕ್ಕಿತು. ಅಲ್ಲಿನ ಮೆನು ಕಾರ್ಡಿನ ಬೆಲೆ ಮತ್ತೆ ಒಂದು ಗೋಡೆಯೇ ನಿಜ. ಆದರೂ ಬೀದಿಯ ಅಗಲ ಕಥೆಯ ಅಗಲವನ್ನೂ ಹೆಚ್ಚಿಸಬಲ್ಲದು ಎಂಬುದಕ್ಕೆ ಅದು ಸಾಕ್ಷಿ.

ವಿಮರ್ಶೆ ಇಲ್ಲಿ ಮಾಡಬೇಕಾದ ಕೆಲಸ ಸರಳ, ಆದರೆ ಬಾಕಿಯಿದೆ. ಮುಂದಿನ ಸಲ ಯಾರಾದರೂ ಕನ್ನಡ ಸಾಹಿತ್ಯದ ಹೋಟೆಲುಗಳ ಬಗ್ಗೆ ಬರೆದರೆ ಅಲ್ಲಿ ಯಾರು ಕೂತಿದ್ದರು ಎಂಬ ಪಟ್ಟಿಯ ಪಕ್ಕದಲ್ಲಿ ಇನ್ನೂ ಮೂರು ಪಟ್ಟಿಗಳನ್ನು ಕೇಳೋಣ. ಒಳಗೆ ಅಡುಗೆ ಮಾಡುತ್ತಿದ್ದವರು ಯಾರು, ಮೇಜು ಒರೆಸುತ್ತಿದ್ದವರು ಯಾರು, ಅದೇ ಬೀದಿಯಲ್ಲಿ ನಡೆದುಹೋಗುತ್ತಿದ್ದರೂ ಒಳಗೆ ಬರದವರು ಯಾರು. ಗಾಂಧಿ ಬಜಾರು ತನ್ನ ಮನಸ್ಸು ಎ೦ದ ಕವಿ ನಮಗಿದ್ದಾನೆ, ಹೆಂಡದಂಗಡಿಯಿಂದ ಕನ್ನಡದ ಜಯಕಾರ ಕೂಗಿದ ರತ್ನನಿದ್ದಾನೆ, ಕೈಯ ರಕ್ತ ತೋರಿಸಿದ ವಿನ್ಸೆಂಟ್ ಇದ್ದಾನೆ. ಮೂವರೂ ಒಂದೇ ಮೇಜಿಗೆ ಬಂದು ಕೂರಬಹುದಾದ ಹೋಟೆಲು ಇನ್ನೂ ಯಾವ ನಕ್ಷೆಯಲ್ಲೂ ಇಲ್ಲ. ಅದನ್ನು ಕಟ್ಟುವುದು ಹೋಟೆಲಿನವರ ಕೆಲಸ ಮಾತ್ರ ಅಲ್ಲ.